ಹಾಲಿನ ಚೀಟಿಯೇ ಮಕ್ಕಳ ಲೆಕ್ಕದ ಪುಸ್ತಕ



ಬೆಂಗಳೂರು ಪಶ್ಚಿಮದ ಶ್ರೀಗಂಧದ ಕಾವಲ್ ಹೆಸರಿನಲ್ಲೇ ರಾಸುಗಳ ನೆನಪಿದೆ. ಕಾವಲ್ ಎಂದರೆ ದನಗಳ ಮೇವಿಗೆ ಕಾಯ್ದಿರಿಸಿದ ಹುಲ್ಲುಗಾವಲು. ಈಗ ಅಲ್ಲಿ ಮನೆಗಳು ತುಂಬಿವೆ. ಹುಲ್ಲುಗಾವಲು ಬಡಾವಣೆಯಾದ ಹಾಗೆ ನಮ್ಮ ಬಟವಾಡೆಯೂ ಕೈಯಿಂದ ಬ್ಯಾಂಕ್ ಖಾತೆಗೆ ಹೋಗಿದೆ. ಆ ಖಾತೆಯ ಲೆಕ್ಕ ಮನೆಯಲ್ಲಿ ಯಾರಿಗೆ ಗೊತ್ತು?

ಇದನ್ನು ಶಾಲಾ ಮಕ್ಕಳಿಗೆ ಕಲಿಸಲು ಕಾಲೇಜು ವಿದ್ಯಾರ್ಥಿಗಳೇ ಸಾಕು. 1969ರಲ್ಲಿ ಆರಂಭವಾದ ಎನ್‌ಎಸ್‌ಎಸ್‌ನ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಏಳು ದಿನದ ವಿಶೇಷ ಶಿಬಿರವೂ ಇರುತ್ತದೆ. ನಿಮ್ಮೂರಿಗೆ ಶಿಬಿರ ಬಂದರೆ, ಉಳಿತಾಯ, ಬಡ್ಡಿ, ಸಾಲದ ಪಾಠವನ್ನು ಹಾಲಿನ ಚೀಟಿ ಇಟ್ಟುಕೊಂಡೇ ಹೇಳಿಕೊಡಿ ಎಂದು ಕೇಳಿ.

ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ದಿನಕ್ಕೆ 8 ಲೀಟರ್ ಹಾಕಿದರೆ 30 ದಿನಕ್ಕೆ 240 ಲೀಟರ್, ಅಂದರೆ 1,200 ರೂಪಾಯಿ. ಅದು ಜಮೆಯಾಯಿತೇ? ಪಶು ಆಹಾರಕ್ಕೆ ಎಷ್ಟು ಕಡಿತವಾಯಿತು? ಮಗಳು ಪಾಸ್‌ಬುಕ್ ನೋಡಿ ಹೇಳಲಿ.

ದಿನದ ಲೀಟರ್, ಜಿಡ್ಡು ಬರೆದಿಟ್ಟರೆ ನನಗೂ ಉಪಕಾರ. ಹಾಲು ಏಕಾಏಕಿ ಇಳಿದರೆ ಅದು ಕೆಚ್ಚಲು ಬಾವಿನ ಸೂಚನೆಯಾಗಿರಬಹುದು. ಬೇಗ ತಿಳಿದರೆ ಚಿಕಿತ್ಸೆ ಸುಲಭ, ಖರ್ಚೂ ಕಡಿಮೆ.

ಒಂದು ಮಾತು ಮರೆಯಬೇಡಿ: ಖಾತೆ ನಿಮ್ಮ ಹೆಸರಿನಲ್ಲಿರಲಿ. ಎಟಿಎಂ ಪಿನ್, ಒಟಿಪಿ ಯಾರಿಗೂ ಹೇಳಬೇಡಿ. ಸಗಣಿ ಬಾಚಿ, ಹಾಲು ಕರೆದು ದುಡಿದವರು ನೀವು. ಎಷ್ಟು ಹಣ ಬಂತೆಂದು ಇನ್ನೊಬ್ಬರ ಮುಖ ನೋಡುವಂತಾಗಬಾರದು.