ಪ್ಲೇಟೂ ದಣಿಯುತ್ತದೆ

ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರವರಿ 6ರಂದು. ಹೆಲಿಕಾಪ್ಟರಿನ ಎಷ್ಟೋ ಬಿಡಿಭಾಗಗಳನ್ನು, ನೋಡಲು ಚೆನ್ನಾಗಿದ್ದರೂ, ಇಂತಿಷ್ಟು ಗಂಟೆ ಹಾರಿದ ಮೇಲೆ ಬದಲಿಸಲೇಬೇಕು. ಲೋಹಕ್ಕೂ ದಣಿವುಂಟು. ಸುತ್ತಲಿನ ತೆಂಗು, ಅಡಿಕೆ ತೋಟಗಳಲ್ಲಿ ಮರದಿಂದ ಬಿದ್ದೋ, ಬೈಕಿನಿಂದ ಉರುಳಿಯೋ ತೋಳು ಮುರಿದುಕೊಂಡವರು ಮಾತ್ರ ‘ಪ್ಲೇಟು ಹಾಕಿದಾರಲ್ಲ, ಇನ್ನೇನು’ ಎಂದು ನಿಶ್ಚಿಂತರಾಗಿರುತ್ತಾರೆ. ಮೂಳೆ ಕೂಡದಿದ್ದರೆ ಆ ಪ್ಲೇಟೂ ಒಂದು ದಿನ ದಣಿದು ತುಂಡಾಗುತ್ತದೆ. ಅದು ಮೂಳೆಗೆ ಕೊಡಿಸುವುದು ಒಂದಿಷ್ಟು ಕಾಲಾವಕಾಶ, ಅಷ್ಟೇ.

ತೋಳಿನ ಮೂಳೆ ಸಾಮಾನ್ಯವಾಗಿ 8ರಿಂದ 12 ವಾರಕ್ಕೆ ಕೂಡುತ್ತದೆ, ಬಹಳ ಸಲ ಆಪರೇಷನ್ ಇಲ್ಲದೆಯೇ. ಪುತ್ತೂರು ಕಟ್ಟು ಕಟ್ಟಿಸಿಕೊಂಡ ಎಷ್ಟೋ ತೋಳುಗಳು ಸರಿಹೋಗುವ ಗುಟ್ಟೂ ಇದೇ. ಆದರೆ ಆರು ತಿಂಗಳಾದರೂ ನೋವಿದ್ದು, ಭುಜಕ್ಕೂ ಮೊಣಕೈಗೂ ನಡುವೆ ಇನ್ನೊಂದು ಕೀಲು ಬಂದಂತೆ ಕೈ ಬಾಗುತ್ತಿದ್ದರೆ, ಕಟ್ಟಿನ ಮೇಲೆ ಕಟ್ಟು ಬಿಗಿಸುತ್ತ ಕೂರಬಾರದು.

ಎಕ್ಸ್‌ರೇಯಲ್ಲಿ ಮುರಿದ ತುದಿಗಳು ಆನೆಯ ಪಾದದಂತೆ ಅಗಲವಾಗಿದ್ದರೆ ಅಲ್ಲಿ ರಕ್ತ ಹರಿಯುತ್ತಿದೆ, ಸ್ಥಿರತೆ ಮಾತ್ರ ಇಲ್ಲ ಎಂದರ್ಥ. ಹೆಪ್ಪು ಹಾಕಿದ ಪಾತ್ರೆಯನ್ನು ಮತ್ತೆ ಮತ್ತೆ ಅಲ್ಲಾಡಿಸಿದ ಹಾಗೆ. ಎರಡು ತುದಿಗಳನ್ನು ಒತ್ತಿ ಹಿಡಿಯುವಂತೆ ಪ್ಲೇಟು ಬಿಗಿದರೆ ಹೆಚ್ಚಾಗಿ ಸಾಕು. ತುದಿಗಳು ಚೂಪಾಗಿ ಸವೆದು ಸಣಕಲಾಗಿದ್ದರೆ ಸಮಸ್ಯೆ ಬೇರೆ: ಹೆಪ್ಪೇ ಇಲ್ಲ. ಆಗ ಸರ್ಜನ್ ನಡುವೆ ಬೆಳೆದ ನಾರನ್ನೆಲ್ಲ ಕೆರೆದು ತೆಗೆಯುತ್ತಾರೆ. ರಕ್ತ ಜಿನುಗುವವರೆಗೆ ತುದಿಗಳನ್ನು ಕೊರೆಯುತ್ತಾರೆ. ಮುಚ್ಚಿಹೋದ ಮಜ್ಜೆಯ ಕೊಳವೆಯನ್ನು ಡ್ರಿಲ್ ಹಾಕಿ ತೆರೆಯುತ್ತಾರೆ. ಇದರಿಂದ ಮೂಳೆ ಎರಡು ಮೂರು ಸೆಂಟಿಮೀಟರ್ ಗಿಡ್ಡವಾದರೂ ತೋಳಿಗೆ ಅಷ್ಟಾಗಿ ಬಾಧಕವಿಲ್ಲ, ಕಾಲಾಗಿದ್ದರೆ ಕುಂಟಬೇಕಿತ್ತು. ಬಳಿಕ ರೋಗಿಯದೇ ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ಅಲ್ಲಿ ತುಂಬುತ್ತಾರೆ. ಇದಕ್ಕೆ ಮೂಳೆ ಕಸಿ ಎಂಬ ಹೆಸರಿದೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಮಾವಿನ ಕಸಿಯಲ್ಲಿ ಕಟ್ಟಿದ ಕಡ್ಡಿಯೇ ಮರವಾಗುತ್ತದೆ; ಇಲ್ಲಿ ಚೂರುಗಳು ಹೊಸ ಮೂಳೆಯನ್ನು ಎಬ್ಬಿಸಿ, ತಾವು ನಿಧಾನಕ್ಕೆ ಕರಗಿಹೋಗುತ್ತವೆ. ಇದು ಹೆಪ್ಪಿನ ಕೆಲಸವೇ.

ಕೀವಾಗಿದ್ದರೆ ಒಂದೇ ಆಪರೇಷನ್ ಸಾಲದು. ಹಳೆಯ ಪ್ಲೇಟು ತೆಗೆದು, ಶುದ್ಧಮಾಡಿ, ಆಂಟಿಬಯಾಟಿಕ್ ಬೆರೆಸಿದ ಸಿಮೆಂಟು ಇಟ್ಟು, ಸೋಂಕು ಹತೋಟಿಗೆ ಬಂದ ಮೇಲೆ ಮುಂದಿನ ಹಂತ. ಕೆಲವರಿಗೆ ಹೊರಗಿನಿಂದ ಉಂಗುರ ಕಟ್ಟುವ ಇಲಿಜರೋವ್ ವಿಧಾನ. ಸೈಬೀರಿಯಾದ ಕುರ್ಗಾನ್ ಊರಿನ ವೈದ್ಯ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದ್ದು.

ತೋಳಿನ ಮೂಳೆಯ ಹಿಂಬದಿ ಸುತ್ತಿಕೊಂಡು ಹೋಗುವ ರೇಡಿಯಲ್ ನರವೇ ಇಲ್ಲಿನ ದೊಡ್ಡ ಆತಂಕ. ಅದು ಜಗ್ಗಿದರೆ ಮಣಿಕಟ್ಟು ಎತ್ತಲಾಗದೆ ಕೈ ಜೋತುಬೀಳುತ್ತದೆ. ಬಹುಪಾಲು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಆಪರೇಷನ್ನಿಗೆ ಮುಂಚೆ ಮಣಿಕಟ್ಟು ಎತ್ತಿ ತೋರಿಸಿರಿ, ಆಮೇಲೂ ತೋರಿಸಿರಿ.

ಬೀಡಿ, ಸಿಗರೇಟು ಬಿಡದವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಎರಡನೇ ಪ್ಲೇಟೂ ದಣಿಯಬಹುದು. ಬೆರಳು, ಮೊಣಕೈ ಆಡಿಸಲು ಬೇಗ ಹೇಳುತ್ತಾರೆ. ಬಿಂದಿಗೆ ಎತ್ತಲು ಮಾತ್ರ ಎಕ್ಸ್‌ರೇಯ ಅಪ್ಪಣೆ ಬೇಕು, ಅದಕ್ಕೆ ಮೂರರಿಂದ ಆರು ತಿಂಗಳು. ಕೂಡಿದ ಮೇಲೆ ಪ್ಲೇಟು ತೆಗೆಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಕಾಟ ಕೊಡದಿದ್ದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ತೆಗೆಯಹೋದರೆ ಅದೇ ನರದ ಪಕ್ಕ ಮತ್ತೆ ಕತ್ತಿ ಆಡಿಸಬೇಕು.