ಟ್ಯಾಂಕರ್ ಹಾರ್ನು, ಎದೆ ಡವಡವ

ಗರುಡಾಚಾರ್‌ಪಾಳ್ಯ ಮೆಟ್ರೋ ಇಳಿದು ರೋಡ್ ದಾಟ್ತಿದ್ದೀರಿ. ಪಕ್ಕದಲ್ಲೇ ಟ್ಯಾಂಕರ್ ಹಾರ್ನ್! ಎದೆ ಡವಡವ. ಕಿಡ್ನಿ ಮೇಲೆ ಕೂತಿರೋ ಪುಟ್ಟ ಗ್ರಂಥಿಗಳು ಅಡ್ರಿನಾಲಿನ್ ಸುರಿದವು. ಲಿವರ್ ಸಕ್ಕರೆ ಬಿಡ್ತು, ಶ್ವಾಸನಾಳ ಅಗಲ ಆಯ್ತು. ಕೆಲವೇ ನಿಮಿಷ, ಇಳಿದುಹೋಗುತ್ತೆ.

ಇದೇ ಅಡ್ರಿನಾಲಿನ್ ಆಸ್ಪತ್ರೇಲಿ ಇಂಜೆಕ್ಷನ್. ಹೆಜ್ಜೇನು ಕಚ್ಚಿಯೋ, ಕಡಲೆಬೀಜ ತಿಂದೋ ಉಸಿರು ಕಟ್ಟಿ ಬಿಪಿ ಕುಸಿದ್ರೆ ಮೊದಲ ಔಷಧಿ ಇದೇ, ಅಲರ್ಜಿ ಮಾತ್ರೆ ಅಲ್ಲ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಬದಿ ಸ್ನಾಯುವಿಗೆ. ಸಿನಿಮಾದಲ್ಲಿ ತೋರಿಸೋ ಥರ ಎದೆಗೆ ಚುಚ್ಚಲ್ಲ!

ಅದೇ ಡೋಸ್ ಗಡಿಬಿಡೀಲಿ ನೇರ ರಕ್ತನಾಳಕ್ಕೆ ಹೋದ್ರೆ? ಬಿಪಿ ಜಿಗಿದು, ಹೃದಯದ ತಾಳ ತಪ್ಪಬಹುದು, ಮೆದುಳಲ್ಲಿ ರಕ್ತಸ್ರಾವವೂ ಆಗಬಹುದು. ಹೃದಯ ನಿಂತೇ ಹೋದವರ ಲೆಕ್ಕ ಬೇರೆ: 1 ಮಿಲಿಗ್ರಾಂ, ರಕ್ತನಾಳಕ್ಕೇ, 3ರಿಂದ 5 ನಿಮಿಷಕ್ಕೊಮ್ಮೆ.

ಇಂಜೆಕ್ಷನ್ ಆಗಿ ಹುಷಾರಾದ್ರೂ ತಕ್ಷಣ ಮನೆಗೆ ಹೊರಡಬೇಡಿ. ಅಲರ್ಜಿ ಗಂಟೆಗಳ ನಂತರ ಮರಳಬಹುದು.