ನಿರ್ಮಲ ಸರೋವರಗಳಲ್ಲಿ ಸೂಕ್ಷ್ಮ ಪಾಚಿ

ಪಾಚಿ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಊರ ಕೆರೆಯ ಹಸಿರು ನೀರು. ಕೊಳೆ ಸೇರಿದ ನೀರಿನಲ್ಲಿ ಪಾಚಿ ಕಟ್ಟುತ್ತದೆ, ತಿಳಿನೀರಿನಲ್ಲಿ ಕಟ್ಟದು ಎಂಬುದು ಸಾಮಾನ್ಯ ಭಾವನೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪರ್ವತ ಪ್ರದೇಶದ ನದಿಗಳೂ ಸರೋವರಗಳೂ ಈ ಭಾವನೆಯನ್ನು ತಿದ್ದಿವೆ.

ಇದಕ್ಕೆ ಕಾರಣವಾದವು ಡಯಾಟಮ್ ಎಂಬ ವರ್ಗದ ಪಾಚಿಗಳು. ಇವು ಏಕಕೋಶ ಜೀವಿಗಳು. ಸೂಕ್ಷ್ಮದರ್ಶಕದ ನೆರವಿಲ್ಲದೆ ಇವುಗಳ ರೂಪವನ್ನು ಅರಿಯಲಾಗದು. ಪ್ರತಿಯೊಂದು ಕೋಶಕ್ಕೂ ಸಿಲಿಕಾದಿಂದಾದ ಗಾಜಿನಂಥ ಕವಚವಿರುತ್ತದೆ. ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿಕೊಂಡು, ಒಂದು ಎರಡಾಗಿ, ಎರಡು ನಾಲ್ಕಾಗಿ ಇವು ವೃದ್ಧಿಹೊಂದುತ್ತವೆ.

2004ರ ಅಕ್ಟೋಬರಿನಲ್ಲಿ ಆ ದ್ವೀಪದ ದಕ್ಷಿಣ ತುದಿಯ ವೈಯಾವು ನದಿಯಲ್ಲಿ ಡಿಡಿಮೊಸ್ಫೀನಿಯಾ ಜೆಮಿನಾಟಾ ಎಂಬ ಡಯಾಟಮ್ ಕಾಣಿಸಿಕೊಂಡಿತು. ಇದು ಉತ್ತರ ಗೋಲಾರ್ಧದ ತಣ್ಣೀರಿನ ಜೀವಿ. ಪ್ರತಿ ಕೋಶವೂ ಒಂದು ತೊಟ್ಟನ್ನು ಸ್ರವಿಸಿ ಅದರಿಂದ ಕಲ್ಲಿಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ರಂಜಕದ ಅಂಶ ತೀರ ಕಡಮೆಯಿದ್ದಾಗ ಕೋಶಗಳು ವೇಗವಾಗಿ ವಿಭಜನೆಗೊಳ್ಳಲಾರವು. ಆದರೆ ಬೆಳಕು ಧಾರಾಳವಾಗಿರುವುದರಿಂದ ಆಹಾರ ತಯಾರಾಗುತ್ತಲೇ ಇರುತ್ತದೆ. ಹೀಗೆ ಮಿಕ್ಕ ಆಹಾರವೆಲ್ಲ ತೊಟ್ಟುಗಳ ಬೆಳವಣಿಗೆಗೆ ವಿನಿಯೋಗವಾಗುತ್ತದೆ. ಪರಿಣಾಮವಾಗಿ ನದಿಯ ತಳದ ಕಲ್ಲುಗಳ ಮೇಲೆ ಒದ್ದೆ ಉಣ್ಣೆಯಂಥ ದಪ್ಪ ಹೊದಿಕೆ ಹರಡುತ್ತದೆ. ನೀರು ನಿರ್ಮಲವಾಗಿರುವುದೇ ಈ ಹೊದಿಕೆಗೆ ಆಸರೆಯಾಗುವುದೆಂಬುದು ವಿಸ್ಮಯದ ಸಂಗತಿ. ಹೊದಿಕೆಯ ಕೆಳಗೆ ಕೀಟಸಂಕುಲವು ವ್ಯತ್ಯಾಸಗೊಳ್ಳುವುದರಿಂದ ಅದನ್ನೇ ನೆಚ್ಚಿದ ಮೀನುಗಳ ಆಹಾರವೂ ಬದಲಾಗುತ್ತದೆ.

ಲಿಂಡಾವಿಯಾ ಇಂಟರ್ಮೀಡಿಯಾ ಎಂಬ ಇನ್ನೊಂದು ಡಯಾಟಮ್ ಸರೋವರಗಳಲ್ಲಿಯೇ ನೆಲೆಸಿದೆ. ಮುನ್ನೂರು ಮೀಟರಿಗೂ ಆಳವಾದ ವಾನಕಾ ಸರೋವರದಲ್ಲಿ ಮೊದಲು ತೊಂದರೆಯೊಡ್ಡಿದ ಇದು, 2016ರ ಹೊತ್ತಿಗೆ ನೆರೆಯ ವಾಕಾಟಿಪು ಮತ್ತು ಹಾವೆಯಾ ಸರೋವರಗಳಲ್ಲಿಯೂ ಕಂಡುಬಂದಿತು. ಇದು ಸ್ರವಿಸುವ ಜಿಗುಟು ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ನೀರಿನಲ್ಲಿ ತೇಲುತ್ತವೆ. ಜನರು ಇದನ್ನು ‘ಸರೋವರದ ಹಿಮ’ ಎಂದು ಕರೆಯುತ್ತಾರೆ. ಗಾಳದ ದಾರಗಳಿಗೆ ಲೋಳೆ ಮೆತ್ತಿಕೊಂಡಿತು; ಕುಡಿಯುವ ನೀರಿನ ಶೋಧಕಗಳು ಕಟ್ಟಿಕೊಂಡವು.

ಇಂಥ ಜೀವಿಗಳು ದುರ್ಗಮ ಸ್ಥಳಗಳನ್ನು ತಲುಪುವುದು ಹೇಗೆ? ದೋಣಿಯ ತಳ, ಬಲೆ, ಒದ್ದೆ ಬೂಟು, ಇವುಗಳಲ್ಲಿ ಉಳಿದ ಒಂದು ಹನಿ ನೀರೇ ಸಾಕು. ತೇವವಿರುವ ತನಕ ಕೋಶಗಳು ಜೀವ ಹಿಡಿದಿರಬಲ್ಲವು. ಒಮ್ಮೆ ನೆಲೆಯೂರಿದ ಮೇಲೆ ವಿಶಾಲವಾದ ಸರೋವರದಿಂದ ಅವನ್ನು ನಿರ್ಮೂಲಗೊಳಿಸುವ ಉಪಾಯವಿಲ್ಲ. ಆದ್ದರಿಂದ 2005ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಡಿಡಿಮೊಸ್ಫೀನಿಯಾವನ್ನು ತಡೆಯಲು ಇಡೀ ದಕ್ಷಿಣ ದ್ವೀಪವನ್ನೇ ನಿಯಂತ್ರಿತ ಪ್ರದೇಶವೆಂದು ಘೋಷಿಸಿತು. ನೀರಿನಿಂದ ನೀರಿಗೆ ಹೋಗುವವರು ಸಲಕರಣೆಗಳನ್ನು ಪರೀಕ್ಷಿಸಿ, ತೊಳೆದು, ಪೂರ್ತಿ ಆರಿದ ಮೇಲೂ 48 ಗಂಟೆಗಳ ಕಾಲ ಒಣಗಿಸಬೇಕೆಂದು ಜನರಿಗೆ ತಿಳಿಸಲಾಯಿತು. ಆ ಬಳಿಕದ ಎರಡು ದಶಕಗಳ ಕಾಲ ಉತ್ತರ ದ್ವೀಪದ ನದಿಗಳು ಡಿಡಿಮೊಸ್ಫೀನಿಯಾದಿಂದ ಮುಕ್ತವಾಗಿ ಉಳಿದುದರಲ್ಲಿ ಈ ಎಚ್ಚರದ ಪಾಲೂ ಉಂಟು.

ಕಣ್ಣಿಗೆ ಕಾಣದ ಜೀವಿಯನ್ನು ತಡೆಯಲು ಬಲವಾದ ಯಂತ್ರ ಬೇಕಿಲ್ಲ. ದಡದಲ್ಲಿ ನಿಂತವನು ತನ್ನ ಬೂಟನ್ನು ತೊಳೆದು ಒಣಗಿಸುವ ಅಲ್ಪ ಶ್ರಮದಿಂದಲೇ ಮುಂದಿನ ಬೆಟ್ಟದಾಚೆಯ ಸರೋವರವು ತಿಳಿಯಾಗಿ ಉಳಿಯಬಲ್ಲದು.